ಸೂಜಿಗೆ ಮುಂಚೆ ತೋರಿಸಿದ್ದು

ನರ್ಸಿಂಗ್ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನನಗೆ ಒಂದು ಹೆಸರು ಬಂತು. ‘ಶಾಂತಾ ಸಿಸ್ಟರ್ ಹಿಡಿದರೆ ಕೂಸು ಅಲ್ಲಾಡುವುದಿಲ್ಲ’ ಎಂದು ಡಾಕ್ಟರುಗಳು ಹೇಳುತ್ತಿದ್ದರು. ಅದನ್ನು ಹೊಗಳಿಕೆ ಎಂದುಕೊಂಡು ಖುಷಿಪಟ್ಟೆ. ಹೊಲಿಗೆ ಹಾಕುವಾಗ, ಗಾಯ ತೊಳೆಯುವಾಗ, ಸಲೈನ್ ಹಚ್ಚುವಾಗ ಮಗುವನ್ನು ಬೆಡ್‌ಶೀಟಿನಲ್ಲಿ ಬಿಗಿಯಾಗಿ ಸುತ್ತಿ, ಮೊಣಕಾಲುಗಳ ಮೇಲೆ ನನ್ನ ಮೈಭಾರ ಹಾಕಿ, ಎರಡೂ ಕೈಗಳಿಂದ ಭುಜ ಒತ್ತಿ ಹಿಡಿಯುತ್ತಿದ್ದೆ. ಬಾಯಲ್ಲಿ ಮಾತ್ರ ಒಂದೇ ಮಾತು: “ಏನೂ ಆಗಂಗಿಲ್ಲ ನನ್ನ ಬಂಗಾರ, ಇರುವಿ ಕಚ್ಚಿದಂಗ ಆಗ್ತದ ಅಷ್ಟ.”

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಮೂವತ್ತು ವರ್ಷ ಮೀರಿದ ನೌಕರಿಯನ್ನು ಈ ಐದು ಊರುಗಳ ಸುತ್ತಲೇ ತಿರುಗಿ ಮುಗಿಸಿದೆ. ಯಾವ ಘಟನೆ ಯಾವ ಆಸ್ಪತ್ರೆಯಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ತಪ್ಪುಗಳು ನನ್ನವು. ಈಗ ಮಕ್ಕಳ ವಾರ್ಡಿಗೆ ಹೊಸದಾಗಿ ಬರುವ ಹುಡುಗಿಯರ ಕೈಗೆ ಮೊದಲ ವಾರವೇ ಟ್ಯಾಬ್ ಕೊಟ್ಟು, ಮಗುವಿಗೆ ವಿಡಿಯೋ ತೋರಿಸಿ ಚಿಕಿತ್ಸೆಗೆ ಸಜ್ಜು ಮಾಡಿ ಎನ್ನುತ್ತಾರೆ. ತೋರಿಸುವುದು ಸುಲಭ. ಏನು ತೋರಿಸಬೇಕು, ಏನನ್ನು ಮುಚ್ಚಿಡಬಾರದು ಎಂದು ತಿಳಿದುಕೊಳ್ಳುವಷ್ಟರಲ್ಲಿ ನಾನು ಕೆಲವು ಮಕ್ಕಳನ್ನು ನೋಯಿಸಿದ್ದೆ. ಅವರನ್ನು ಬಿಟ್ಟು ನನ್ನ ನೌಕರಿಯ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ.

ಟ್ಯಾಬ್ ಬರುವುದಕ್ಕೆ ಬಹಳ ಮುಂಚಿನ ಮಾತು. ಚಿಂಚೋಳಿ ಕಡೆಯ ಲಂಬಾಣಿ ತಾಂಡಾದಿಂದ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಕುದಿಯುವ ನೀರು ಬಿದ್ದು ಹೊಟ್ಟೆ, ತೊಡೆ ಸುಟ್ಟಿದ್ದವು. ದಿನ ಬಿಟ್ಟು ದಿನ ಹಳೆಯ ಪಟ್ಟಿ ಬಿಚ್ಚಿ, ಸತ್ತ ಚರ್ಮ ತೆಗೆದು, ಮದ್ದು ಹಚ್ಚಿ ಹೊಸ ಪಟ್ಟಿ ಕಟ್ಟಬೇಕು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಅವಳ ಮಾತು ಬರುತ್ತಿರಲಿಲ್ಲ. ಪ್ರತಿ ಸಲವೂ ನಾನೇ ಹಿಡಿದೆ. ಮೊದಮೊದಲು ಅವಳು ಚೀರುತ್ತಿದ್ದಳು. ಆಮೇಲಾಮೇಲೆ ನನ್ನ ಮುಖ ಕಂಡ ಕೂಡಲೇ ಉಸಿರು ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದಳು. ಗಾಯ ಚೆನ್ನಾಗಿ ಮಾಯಿತು. ನಮ್ಮ ಡಾಕ್ಟರು ಕಲಿಯಲು ಬಂದವರಿಗೆಲ್ಲ ಆ ಮಾಯ್ದ ಚರ್ಮವನ್ನು ತೋರಿಸಿದರು.

ಎರಡು ತಿಂಗಳ ನಂತರ ಸಂತೆಯಲ್ಲಿ ಅವಳು ತಾಯಿಯ ಸೆರಗು ಹಿಡಿದು ನಿಂತಿದ್ದಳು. ನಾನು ನಗುತ್ತಾ ಹತ್ತಿರ ಹೋಗಿ ಗಲ್ಲ ಮುಟ್ಟಲು ಕೈ ಚಾಚಿದೆ. ಹುಡುಗಿ ಅಳಲಿಲ್ಲ, ಓಡಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ತಾಯಿ ನಾಚಿಕೊಂಡು ಮಗಳಿಗೆ ಒಂದೇಟು ಹಾಕಿದಳು. ನಾನು ಕೊಂಡಿದ್ದ ತರಕಾರಿ ಚೀಲ ಹಿಡಿದು ಮನೆಗೆ ಬಂದವಳು ಆ ದಿನ ಅಡುಗೆ ಮಾಡಲಿಲ್ಲ. ಆದರೆ ಮರುದಿನ ಕೆಲಸಕ್ಕೆ ಹೋಗಿ ಇನ್ನೊಂದು ಮಗುವನ್ನು ಹಾಗೆಯೇ ಹಿಡಿದೆ. ಬೇರೆ ರೀತಿ ನನಗೆ ಗೊತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಮಕ್ಕಳ ವೈದ್ಯೆಯಾಗಿ ವೀಣಾ ಮೇಡಂ ಬಂದರು. ನನ್ನ ಮಗಳ ವಯಸ್ಸು. ಅವರ ಜೊತೆಗೇ ನಮ್ಮ ವಾರ್ಡಿಗೆ ಯಾರೋ ದಾನಿಗಳು ಕೊಟ್ಟ ಒಂದು ಟ್ಯಾಬ್ ಬಂತು. ಆಗಿನ ಆಡಳಿತಾಧಿಕಾರಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. “ಕೂಸುಗೋಳ ಕೈಯಾಗ ಕೊಟ್ರ ಒಡದು ಹಾಕ್ತಾವ. ಮ್ಯಾಲಿನವ್ರು ಬಂದಾಗ ಏನ್ ತೋರ್ಸೋದು?” ಎಂದರು. ಮೇಲಿನವರು ಬಂದಾಗ ತೋರಿಸಲೆಂದು ಅದು ಅರ್ಧ ವರ್ಷ ಪ್ಲಾಸ್ಟಿಕ್ ಹಾಳೆ ಕೂಡ ಕೀಳದೆ ಕುಳಿತಿತ್ತು. ವೀಣಾ ಮೇಡಂ ಒಂದು ದಿನ ಅವರೊಂದಿಗೆ ಜಗಳವಾಡಿಯೇ ಅದನ್ನು ಹೊರಗೆ ತಂದರು.

ಅದರಲ್ಲಿ ಮೊಲದ ಮರಿಯೊಂದು ಆಸ್ಪತ್ರೆಗೆ ಹೋಗುವ ಕಾರ್ಟೂನ್ ಇತ್ತು. ಮೇಡಂ ಹೇಳಿದ್ದು ಇಷ್ಟು: ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ವಿಡಿಯೋ ತೋರಿಸಿ, ಏನು ಮಾಡುತ್ತೇವೆಂದು ಹೇಳಿ, ಅದು ಕೇಳಿದ್ದಕ್ಕೆ ಉತ್ತರ ಕೊಟ್ಟು, ಆಮೇಲೆ ಸೂಜಿ ತೆಗೆಯಿರಿ. ನನಗೆ ಅಷ್ಟು ಪುರುಸೊತ್ತು ಎಲ್ಲಿತ್ತು? ನಾನು ನನ್ನದೇ ಅಡ್ಡದಾರಿ ಹುಡುಕಿಕೊಂಡೆ. ಮಗುವಿನ ಮುಂದೆ ಕಾರ್ಟೂನ್ ಹಚ್ಚುವುದು, ಅದು ಬಾಯಿ ತೆರೆದು ನೋಡುತ್ತಿರುವಾಗ ಹಿಂದಿನಿಂದ ಚುಚ್ಚಿಬಿಡುವುದು. ಅರ್ಧ ನಿಮಿಷದ ಕೆಲಸ. ಹಿಡಿಯುವ ತ್ರಾಸವೂ ಇಲ್ಲ. ವಾರ್ಡಿನ ಉಳಿದ ನರ್ಸುಗಳಿಗೂ ಇದನ್ನೇ ಕಲಿಸಿಕೊಟ್ಟೆ.

ಶಹಾಬಾದ್ ಹತ್ತಿರದ ಭಂಕೂರಿನಿಂದ ಐದು ವರ್ಷದ ಮಲ್ಲು ಎಂಬ ಹುಡುಗ ಬರುತ್ತಿದ್ದ. ತಂದೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವವನು. ಹುಡುಗನ ತೊಡೆಯಲ್ಲಿ ದೊಡ್ಡ ಬಾವು ಎದ್ದಿತ್ತು. ಕೀವು ತೆಗೆದ ಮೇಲೂ ದಿನವೂ ಇಂಜೆಕ್ಷನ್ ಬೇಕಿತ್ತು. ದಿನವೂ ನಾನು ಕಾರ್ಟೂನ್ ಹಚ್ಚಿ ಚುಚ್ಚಿದೆ. ಐದನೆಯ ದಿನ ಟ್ಯಾಬ್ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಅವನು ಮಂಚದ ಕೆಳಗೆ ನುಗ್ಗಿ ಕಬ್ಬಿಣದ ಕಾಲನ್ನು ತಬ್ಬಿಕೊಂಡ. ಎಳೆದು ತೆಗೆಯುವುದರಲ್ಲಿ ಗಾಯ ಮತ್ತೆ ಬಿಚ್ಚಿ ರಕ್ತ ಬಂತು.

ಹದಿನೈದು ದಿನ ಬಿಟ್ಟು ತಂದೆ ಒಬ್ಬನೇ ಬಂದ. ತಲೆಯ ಮೇಲೆ, ಹುಬ್ಬಿನ ಮೇಲೆ ಕಲ್ಲಿನ ಬಿಳಿ ಧೂಳು ಹಾಗೇ ಇತ್ತು.

“ಸಿಸ್ಟರ್ ಬಾಯಾರ, ಒಂದ ಮಾತ ಕೇಳಬೇಕಾಗ್ಯಾದ. ನಮ್ಮ ಹುಡುಗ ಫೋನ್ ಕಂಡ್ರ ಚಿಟ್ಟನ ಚೀರ್ತಾನ್ರಿ. ಮನ್ಯಾಗ ಯಾರದರ ಫೋನ್ ಬಂತಂದ್ರ ಕ್ವಾಣ್ಯಾಗ ಹೋಗಿ ಕುಂದರ್ತಾನ. ಇದಕ್ಕೇನರ ಔಷಧ ಅದೇನ್ರಿ?”

ಅವನ ದನಿಯಲ್ಲಿ ದೂರು ಇರಲಿಲ್ಲ. ಔಷಧ ಇದ್ದೀತು ಎಂದೇ ಗಣಿಯ ಒಂದು ದಿನದ ಕೆಲಸ ಬಿಟ್ಟು ಬಂದಿದ್ದ. ನಾನು ಏನೋ ಒಂದು ಹೇಳಿ ಕಳಿಸಿದೆ. ಪಕ್ಕದಲ್ಲೇ ಇದ್ದ ವೀಣಾ ಮೇಡಂ ಎಲ್ಲ ಕೇಳಿಸಿಕೊಂಡಿದ್ದರು. ಅವನು ಹೋದ ಮೇಲೆ ಬಾಗಿಲು ಮುಚ್ಚಿ, “ಸಿಸ್ಟರ್, ಮೊದಲ ಅವಕ್ಕ ಸೂಜಿ ಒಂದರದೇ ಅಂಜಿಕಿ ಇತ್ತು. ಈಗ ನಾವು ಮೊಲದ ಮರೀದೂ ಅಂಜಿಕಿ ಹಚ್ಚೀವಿ” ಎಂದರು. ‘ನೀವು’ ಎನ್ನದೆ ‘ನಾವು’ ಎಂದದ್ದಕ್ಕೆ ನನಗೆ ಇನ್ನಷ್ಟು ಅವಮಾನವಾಯಿತು.

ಆಮೇಲೆ ಮೇಡಂ ಹೇಳಿದಂತೆ ಮಾಡತೊಡಗಿದೆ. ಹತ್ತು ನಿಮಿಷ ಮೊದಲೇ ಮಗುವಿನ ಬಳಿ ಕೂತು ತೋರಿಸುವುದು. ಸೂಜಿಯ ಹೊತ್ತಿಗೆ ಟ್ಯಾಬ್ ಬಂದ್. ಆದರೆ ಆ ಕಾರ್ಟೂನು ನಮ್ಮ ಮಕ್ಕಳಿಗೆ ಹತ್ತುತ್ತಿರಲಿಲ್ಲ. ‘ಪುಟಾಣಿಗಳೇ, ಬನ್ನಿ’ ಎಂದು ಶುರುವಾಗುವ ಆ ಮಾತು ಅವರು ಮನೆಯಲ್ಲಿ ಕೇಳಿದ್ದಲ್ಲ. ಬಣ್ಣದ ಗೋಡೆಗಳ ಆ ಆಸ್ಪತ್ರೆಯನ್ನು ನೋಡಿ ಕೋಡ್ಲಾದ ಹುಡುಗಿಯೊಬ್ಬಳು, “ಇದು ಯಾವೂರ ದವಾಖಾನಿ? ನನಗ ಅಲ್ಲಿಗೇ ಕರಕೊಂಡ ಹೋಗ್ರಿ” ಎಂದು ಹಟ ಹಿಡಿದಳು. ಅದರಲ್ಲಿ ಮೊಲದ ಮರಿಗೆ ನೋವೇ ಆಗುತ್ತಿರಲಿಲ್ಲ ಬೇರೆ.

ನಾವೇ ವಿಡಿಯೋ ಮಾಡಲು ಕೂತೆವು. ಮೇಡಂ ಮೊಬೈಲ್ ಹಿಡಿದರು, ನಾನು ಮಾತಾಡಿದೆ. ನಮ್ಮದೇ ಬಾಗಿಲು, ಸುಣ್ಣ ಉದುರಿದ ನಮ್ಮದೇ ಗೋಡೆ, ಕಿರಗುಟ್ಟುವ ಅದೇ ಸ್ಟೂಲು. “ಇದು ಸ್ಪಿರಿಟ್ ಹತ್ತಿ. ತಣ್ಣಗ ಅನಸ್ತದ, ಮೂಗಿಗಿ ಘಾಟ ಬಡೀತದ. ಇದು ಸೂಜಿ. ಇದು ನೋಯ್ತದ. ಅಳಬೇಕನಸಿದ್ರ ಅಳ್ರಿ, ಕೈ ಮಾತ್ರ ಕದಲಸಬ್ಯಾಡ್ರಿ.” ವಾರ್ಡಿನ ಆಯಾ ಅದನ್ನೇ ತೆಲುಗಿನಲ್ಲಿ ಹೇಳಿದಳು. ತಾಂಡಾದ ಆಶಾ ಕಾರ್ಯಕರ್ತೆಯೊಬ್ಬಳು ಅವರ ಮಾತಿನಲ್ಲಿ ಹೇಳಿದಳು. ಅವಳ ಧ್ವನಿ ರೆಕಾರ್ಡ್ ಆಗುವಾಗ ನಾನು ಎದ್ದು ಹೊರಗೆ ಹೋಗಿ ನಿಂತೆ. ಸಂತೆಯ ಹುಡುಗಿಗೆ ಇಷ್ಟನ್ನಾದರೂ ಯಾರಾದರೂ ಹೇಳಬಹುದಿತ್ತು.

ಆ ವಿಡಿಯೋದಲ್ಲೂ ಒಂದು ತಪ್ಪು ಉಳಿದಿತ್ತು. ‘ಒಂದೇ ಸಲ ಚುಚ್ಚತೀವಿ’ ಎಂದಿದ್ದೆ. ವಾಂತಿಭೇದಿಯಿಂದ ಬತ್ತಿಹೋಗಿದ್ದ ವಾಡಿಯ ಒಬ್ಬ ಹುಡುಗಿಗೆ ಅದನ್ನು ತೋರಿಸಿ ಸಲೈನ್ ಹಚ್ಚಲು ಹೋದರೆ ನರ ಸಿಗಲೇ ಇಲ್ಲ. ಅವಳು ಅಳದೆ, ನನ್ನ ಮುಖವನ್ನೇ ನೋಡುತ್ತಾ ಎಣಿಸಿದಳು. “ಎರಡ... ಮೂರ... ನಾಕ.” ಐದನೆಯದಕ್ಕೆ ಎಣಿಕೆ ನಿಲ್ಲಿಸಿ ಮುಖ ಆ ಕಡೆ ತಿರುಗಿಸಿದಳು. ಆ ವಾಕ್ಯವನ್ನು ತೆಗೆದು ‘ಎಷ್ಟ ಸಲ ಅಂತ ನಮಗೂ ಗೊತ್ತಿಲ್ಲ’ ಎಂದು ಮತ್ತೆ ರೆಕಾರ್ಡ್ ಮಾಡಿದೆವು. ಹೊಸದಾಗಿ ಬಂದ ಆಡಳಿತಾಧಿಕಾರಿಗೆ ಅದು ಹಿಡಿಸಲಿಲ್ಲ. ‘ನರ್ಸೇ ಗೊತ್ತಿಲ್ಲ ಎಂದರೆ ಜನ ಏನೆನ್ನುತ್ತಾರೆ?’ ಎಂದು ಬೈದರು. ಜನ ಏನೂ ಎನ್ನಲಿಲ್ಲ. ಮಕ್ಕಳು ಮಾತ್ರ ತಾವಾಗಿ ಕೈ ಚಾಚಲು ಶುರುಮಾಡಿದರು. ಎಲ್ಲರೂ ಅಲ್ಲ. ಅರ್ಧದಷ್ಟು ಮಕ್ಕಳು ಎನ್ನಬಹುದು. ಉಳಿದವರನ್ನು ಈಗಲೂ ಹಿಡಿಯಲೇಬೇಕಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇನ್ನು ಸುಜಾತಾಳ ವಿಷಯ ಹೇಳಬೇಕು. ಇದನ್ನು ಬರೆಯಲು ತಾಯಿ ಕಮಲಾಬಾಯಿ ಒಪ್ಪಿದ್ದಾರೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಗುಂಡಗುರ್ತಿಯ ಹುಡುಗಿ, ಆರನೆಯ ತರಗತಿ. ತಂದೆ ಸರ್ಕಾರಿ ಶಾಲೆಯಲ್ಲಿ ಜವಾನ. ಮೊಣಕಾಲು ಬಾತಿದೆ ಎಂದು ಮೂರು ತಿಂಗಳು ಅಲ್ಲಿ ಇಲ್ಲಿ ಎಣ್ಣೆ ತಿಕ್ಕಿಸಿ, ಪಟ್ಟಿ ಕಟ್ಟಿಸಿ ನಮ್ಮಲ್ಲಿಗೆ ಬಂದಿದ್ದರು. ಎಕ್ಸ್‌ರೇ ನೋಡಿದ ವೀಣಾ ಮೇಡಂ ಅದನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದರು. ಎಲುಬಿನ ಕ್ಯಾನ್ಸರ್. ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕೆಲವು ತಿಂಗಳು ನರಕ್ಕೆ ಕ್ಯಾನ್ಸರಿನ ಔಷಧ ಹರಿಸಿದರು. ನಡುನಡುವೆ ರಕ್ತ ಪರೀಕ್ಷೆಗೆ ಸುಜಾತಾ ನಮ್ಮಲ್ಲಿಗೆ ಬರುತ್ತಿದ್ದಳು. ಕೂದಲೆಲ್ಲ ಉದುರಿ ತಲೆಗೆ ಅಣ್ಣನ ಟೋಪಿ ಹಾಕಿಕೊಂಡಿರುತ್ತಿದ್ದಳು.

ಟ್ಯಾಬ್ ಎಂದರೆ ಅವಳಿಗೆ ಪ್ರಾಣ. ಅಷ್ಟರಲ್ಲಿ ನಾವು ಬೇರೆ ಬೇರೆ ಚಿಕಿತ್ಸೆಗೆ ಮಾಡಿದ್ದ ಪ್ರತಿ ವಿಡಿಯೋವನ್ನೂ ಎರಡು ಸಲ ನೋಡುತ್ತಿದ್ದಳು. ಮೊದಲ ಸಲ ಸದ್ದು ಇಟ್ಟು, ಎರಡನೆಯ ಸಲ ಸದ್ದು ತೆಗೆದು. ಆಗ ನನ್ನ ಮಾತನ್ನೆಲ್ಲ ತಾನೇ ಹೇಳುತ್ತಿದ್ದಳು, ನನ್ನಂತೆಯೇ ಕೆಮ್ಮಿ. “ಸಿಸ್ಟರ್, ನೀವು ‘ನೋಯ್ತದ’ ಅಂತ ಅನ್ನೋದ್ರಾಗ ಕಣ್ಣ ಮುಚ್ಚತೀರಿ. ಅದನ್ನ ಇನ್ನೊಮ್ಮಿ ತೆಗೀರಿ” ಎಂದು ತಪ್ಪು ಹುಡುಕುತ್ತಿದ್ದಳು. ರಕ್ತ ತೆಗೆಯುವಾಗ ಕೈ ಮುಂದೆ ಚಾಚಿ ಸೂಜಿಯನ್ನೇ ನೋಡುತ್ತಿದ್ದಳು. ಅಂಥ ಮಗುವನ್ನು ನಾನು ಬೇರೆ ನೋಡಿಲ್ಲ.

ಔಷಧಕ್ಕೆ ಗಡ್ಡೆ ಬಗ್ಗಲಿಲ್ಲ. ಮೊಣಕಾಲಿನ ಮೇಲಿನಿಂದ ಕಾಲು ತೆಗೆಯಬೇಕೆಂದು ಹೈದರಾಬಾದಿನಲ್ಲಿ ತೀರ್ಮಾನವಾಯಿತು. ಹೊರಡುವ ಹಿಂದಿನ ದಿನ ತಂದೆ ಅವಳನ್ನು ನನ್ನ ಹತ್ತಿರ ಕರೆತಂದರು. ಅವಳನ್ನು ಬೆಂಚಿನ ಮೇಲೆ ಕೂರಿಸಿ ನನ್ನನ್ನು ವರಾಂಡಕ್ಕೆ ಕರೆದರು.

“ಸಿಸ್ಟರ್, ನಿಮ್ಮ ಮಾತ ಭಾಳ ಕೇಳ್ತಾಳ. ಮಲಗಿಸಿ ಆಪರೇಶನ್ ಮಾಡ್ತಾರಂತ ತಿಳಿಸಿ ಹೇಳ್ರಿ. ಕಾಲಿಂದು ಮಾತ್ರ ಹೇಳಬ್ಯಾಡ್ರಿ. ಹೇಳಿದ್ರ ಆಕಿ ಗಾಡಿ ಹತ್ತಂಗಿಲ್ಲ. ನಾ ಎತ್ತಿ ಒಯ್ಯಲಿಕ್ಕ ಆಗ್ತದೇನ್ರಿ?”

ಆಗ ವೀಣಾ ಮೇಡಂ ಹೆರಿಗೆ ರಜೆಯಲ್ಲಿದ್ದರು. ಆಡಳಿತಾಧಿಕಾರಿಯನ್ನು ಕೇಳಿದೆ. “ಅವರ ಮನಿ ವಿಷಯ. ಆಪರೇಶನ್ ಮಾಡೋರು ಹೇಳ್ತಾರ ಬಿಡ್ರಿ” ಎಂದರು. ಅಲ್ಲಿಯವರು ಹೇಳುತ್ತಾರೆ ಎಂದು ನಾವು ಬಿಟ್ಟೆವು. ಇಲ್ಲಿ ಹೇಳಿಯೇ ಕಳಿಸಿರುತ್ತಾರೆ ಎಂದು ಅಲ್ಲಿಯವರು ಬಿಟ್ಟಿರಬಹುದು.

ಅರಿವಳಿಕೆಯ ವಿಡಿಯೋ ತೋರಿಸಿದೆ. ಮೂಗಿಗೆ ಮಾಸ್ಕ್ ಇಡುವುದು, ನಿದ್ದೆ ಬರುವುದು, ಎಚ್ಚರವಾದಾಗ ಪಕ್ಕದಲ್ಲಿ ಅವ್ವ ಕೂತಿರುವುದು. ಎರಡು ಸಲ ನೋಡಿದಳು. ಆಮೇಲೆ ಕೇಳಿದಳು:

“ಎದ್ದ ಮ್ಯಾಲ ನನ್ನ ಕಾಲ ಹ್ಯಾಂಗ ಇರ್ತದ ಸಿಸ್ಟರ್?”

“ದೊಡ್ಡ ಪಟ್ಟಿ ಕಟ್ಟಿರ್ತಾರವ್ವ.”

“ನೋಯ್ತದೇನು?”

“ನೋಯ್ತದ. ಅದಕ್ಕ ಔಷಧ ಕೊಡ್ತಾರ.”

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ. ಅವಳು ತಲೆಯಾಡಿಸಿ, ಟೋಪಿ ಸರಿಮಾಡಿಕೊಂಡು, ಕುಂಟುತ್ತಾ ತಾನೇ ನಡೆದು ಹೋದಳು.

ಮೂರು ವಾರದ ನಂತರ ಪಟ್ಟಿ ಬದಲಿಸಲು ತಂದೆ ಅವಳನ್ನು ಎತ್ತಿಕೊಂಡು ಬಂದರು. ನಾನು ಒಳಗೆ ಬರುತ್ತಿದ್ದಂತೆ ಸುಜಾತಾ ಗೋಡೆಯ ಕಡೆ ಮುಖ ಮಾಡಿದಳು. ಆಪರೇಶನ್ ಆದ ದಿನ ನಡೆದದ್ದನ್ನು ಜೊತೆಗೆ ಬಂದಿದ್ದ ಕಮಲಾಬಾಯಿ ಹೇಳಿದರು. ಎಚ್ಚರವಾದ ಮೇಲೆ ಹುಡುಗಿ ಚಾದರದ ಕೆಳಗೆ ಕೈಯಾಡಿಸಿ ಹುಡುಕಿದಳಂತೆ. ಇನ್ನೊಂದು ಕೈಯಿಂದಲೂ ಹುಡುಕಿದಳಂತೆ. ಅಳಲಿಲ್ಲ. “ಅವ್ವಾ, ಶಾಂತಾ ಸಿಸ್ಟರಿಗಿ ಇದು ಗೊತ್ತಿತ್ತೇನು?” ಎಂದಷ್ಟೇ ಕೇಳಿದಳಂತೆ.

ಪಟ್ಟಿ ಬಿಚ್ಚುವಾಗ ಗೋಡೆಗೆ ಮುಖ ಮಾಡಿಯೇ ಅದನ್ನು ನನಗೂ ಕೇಳಿದಳು. “ನಿಮಗ ಗೊತ್ತಿತ್ತು?”

“ಗೊತ್ತಿತ್ತವ್ವ. ನಾ ತಪ್ಪ ಮಾಡ್ದೆ.”

ಹೊಲಿಗೆಗೆ ಅಂಟಿದ್ದ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಬಿಡಿಸುವಾಗ ಅವಳ ಬೆನ್ನು ನಡುಗುತ್ತಿತ್ತು. ಬಾಯಿಂದ ಒಂದು ಸದ್ದೂ ಬರಲಿಲ್ಲ. ತಂದೆ ವರಾಂಡದಲ್ಲಿ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದರು. ಮುಂದಿನ ಎರಡು ಸಲವೂ ಹೀಗೆಯೇ ಆಯಿತು. ನಾಲ್ಕನೆಯ ಸಲ ಪಟ್ಟಿ ಕಟ್ಟಿ ಮುಗಿಸಿದಾಗ ಕೈ ಚಾಚಿ, “ಟ್ಯಾಬ್ ಕೊಡ್ರಿ” ಎಂದಳು. ಎಲ್ಲ ವಿಡಿಯೋಗಳನ್ನೂ ಬೆರಳಿನಿಂದ ಸರಿಸಿ ಸರಿಸಿ ನೋಡಿದಳು.

“ಇದರಾಗ ಕಾಲ ತೆಗಿಯೋದು ಇಲ್ಲ. ಮಾಡ್ರಿ. ನಾ ಹೇಳ್ತೀನಿ.”

ತಂದೆ ಬೇಡವೆಂದರು. ಕಮಲಾಬಾಯಿ, “ಹೇಳ್ಲಿ ಬಿಡ್ರಿ, ಆಕಿದೇ ಕಾಲ” ಎಂದರು. ಮುಖ ಕಾಣದಂತೆ ಕೈ ಮತ್ತು ಪಟ್ಟಿಯನ್ನಷ್ಟೇ ನಾನು ಚಿತ್ರಿಸಿದೆ. ಸುಜಾತಾ ಒಂದೇ ಉಸಿರಿಗೆ ಹೇಳಿದಳು: “ಎದ್ದ ಮ್ಯಾಲ ಕಾಲ ಇರಂಗಿಲ್ಲ. ನಿಮಗ ಯಾರೂ ಹೇಳಿರಂಗಿಲ್ಲ, ಅದಕ್ಕ ನಾ ಹೇಳ್ಲಿಕತ್ತೀನಿ. ಇಲ್ಲದ ಕಾಲಿಗಿ ತುರಿಕಿ ಬರ್ತದ. ಹುಚ್ಚ ಹಿಡದಿಲ್ಲ ನಿಮಗ, ಎಲ್ಲಾರಿಗೂ ಬರ್ತದಂತ. ಕೋಲು ಕಂಕುಳಾಗ ಒತ್ತತದ, ಅರಬಿ ಚಿಂದಿ ಸುತ್ತಕೋರಿ. ಸಾಲ್ಯಾಗ ನೋಡ್ತಾರ. ನೋಡ್ಲಿ.” ಆ ವಿಡಿಯೋವನ್ನು ಮುಂದೆ ಇಬ್ಬರು ಮಕ್ಕಳಿಗೆ ತೋರಿಸಿದೆವು. ಇಬ್ಬರೂ ಅತ್ತರು. ಅತ್ತ ಮೇಲೆ ಪ್ರಶ್ನೆ ಕೇಳಿದರು. ವೀಣಾ ಮೇಡಂ ರಜೆ ಮುಗಿಸಿ ಬಂದು ಅದನ್ನು ಕೊನೆಯವರೆಗೂ ನೋಡಿ, ಎದ್ದು ಹೊರಗೆ ಹೋದರು.

ಕಾಲು ತೆಗೆದು ಎಂಟು ತಿಂಗಳಾಗಿರಬೇಕು. ತೊಗರಿ ಹೂ ಬಿಟ್ಟ ಕಾಲ. ಸುಜಾತಾ ಏದುಸಿರು ಬಿಡುತ್ತಾ ಬಂದಳು. ರೋಗ ಶ್ವಾಸಕೋಶಕ್ಕೆ ಹಬ್ಬಿತ್ತು. ಇನ್ನು ಮಾಡುವುದೇನೂ ಇಲ್ಲವೆಂದು ಹೈದರಾಬಾದಿನಲ್ಲಿ ತಂದೆಗೆ ಹೇಳಿ, ನೋವಿನ ಔಷಧ ಕೊಟ್ಟು ಕಳಿಸಿದ್ದರು. ಎದೆಯಲ್ಲಿ ನೀರು ತುಂಬಿ ಅವಳಿಗೆ ಮಲಗಲೂ ಆಗುತ್ತಿರಲಿಲ್ಲ. ಆ ನೀರು ತೆಗೆದರೆ ಕೆಲವು ದಿನವಾದರೂ ಉಸಿರಾಟ ಹಗುರಾಗುತ್ತದೆ ಎಂದು ಮೇಡಂ ಸಿದ್ಧತೆ ಮಾಡಿದರು.

“ಮೊದಲ ತೋರ್ಸ್ರಿ” ಎಂದಳು ಸುಜಾತಾ.

ಅದಕ್ಕೆ ವಿಡಿಯೋ ಇರಲಿಲ್ಲ. ಪಕ್ಕದ ಕೋಣೆಗೆ ಹೋಗಿ, ಐದು ನಿಮಿಷದಲ್ಲಿ ಆ ಸೂಜಿ, ನಳಿಕೆ, ಬಾಟಲಿ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದೆ. ಹೇಗೆ ಮುಂದಕ್ಕೆ ಬಾಗಿ ದಿಂಬು ತಬ್ಬಿ ಕೂರಬೇಕೆಂದು ನಾನೇ ಕೂತು ತೋರಿಸಿದೆ. ಅವಳು ಒಂದೇ ಸಲ ನೋಡಿದಳು. ಎರಡನೆಯ ಸಲಕ್ಕೆ ಉಸಿರಿರಲಿಲ್ಲ.

“ನೀರ ತೆಗೆದ ಮ್ಯಾಲ?”

“ಉಸರಾಟ ಹಗರ ಆಗ್ತದ.”

“ಮತ್ತ ತುಂಬ್ತದೇನು?”

ನಾನು ತಂದೆಯ ಕಡೆ ನೋಡಿದೆ. ಅವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ತಿರುಗಿ ನೋಡದೆ, “ಹೇಳ್ರಿ ಸಿಸ್ಟರ್. ಈ ಸಲ ಹೇಳ್ರಿ” ಎಂದರು.

“ತುಂಬ್ತದವ್ವ.”

“ಆಮ್ಯಾಲ?”

“ಮತ್ತ ತೆಗಿತೀವಿ. ತೆಗದರೂ ಉಪಯೋಗ ಆಗಲಾರದ ದಿನ ಬರ್ತದ.”

“ಯಾವಾಗ?”

“ಗೊತ್ತಿಲ್ಲವ್ವ. ಖರೇನೂ ಗೊತ್ತಿಲ್ಲ.”

ಅವಳು ತಂದೆಯ ಕಡೆ ತಿರುಗಿದಳು. “ಅವ್ವಗ ಗೊತ್ತದೇನು?” ಎಂದಳು. ಇಲ್ಲ, ಅವ್ವನಿಗೆ ಇನ್ನೂ ಹೇಳಿಲ್ಲ ಎಂದು ತಂದೆ ತಲೆಯಾಡಿಸಿದರು. ಕಮಲಾಬಾಯಿ ಹೊರಗೆ ಔಷಧದ ಸಾಲಿನಲ್ಲಿ ನಿಂತಿದ್ದರು. ಸುಜಾತಾ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿದಳು. ಯಾರೂ ಅವಳನ್ನು ಹಿಡಿಯಲಿಲ್ಲ. ನನ್ನ ಕೈ ಅವಳ ಬೆನ್ನ ಮೇಲಿತ್ತು ಅಷ್ಟೇ. ಎರಡು ದಿನ ಬಿಟ್ಟು ಮನೆಗೆ ಹೋದಳು. ಅದೇ ನಾನು ಅವಳನ್ನು ಕಡೆಯದಾಗಿ ನೋಡಿದ್ದು.

ತೊಗರಿ ಕಟಾವಿನ ಹೊತ್ತಿಗೆ ಸುದ್ದಿ ಬಂತು. ಮುಂದಿನ ಭಾನುವಾರ ಬಸ್ಸು ಹಿಡಿದು ಗುಂಡಗುರ್ತಿಗೆ ಹೋದೆ. ಕಮಲಾಬಾಯಿ ಹೊಸಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಅಳುತ್ತಾರೆ, ಬಯ್ಯುತ್ತಾರೆ ಎಂದುಕೊಂಡಿದ್ದೆ. “ಕುಂದ್ರಿ” ಎಂದರು. ನೀರು ಕೊಟ್ಟರು. ಆಮೇಲೆ ತಾವಾಗಿಯೇ ಮಾತು ತೆಗೆದರು.

“ನಾಕ ದಿನ ಮೊದಲ ನನಗ ಬಾಜೂಕ ಕೂಡಿಸಿಕೊಂಡ್ಲು. ಅವ್ವಾ, ಹ್ಯಾಂಗ ಆಗ್ತದಂತ ಹೇಳ್ತೀನಿ ಕೇಳು, ಅಂದ್ಲು. ಮೊದಲ ನಿದ್ದಿ ಭಾಳ ಬರ್ತದ, ಎಬ್ಬಸಬ್ಯಾಡ. ಆಮ್ಯಾಲ ಉಸರ ನಡುನಡುವ ನಿಂದರ್ತದ, ಚೀರಬ್ಯಾಡ, ಮತ್ತ ಬರ್ತದ. ಕೈ ತಣ್ಣಗ ಆಗ್ತಾವ, ಹೊಚ್ಚು. ನಾ ಮಾತಾಡಂಗಿಲ್ಲ, ಆದ್ರ ಕೇಳಿಸ್ತಿರ್ತದ. ನೀ ಮಾತ ನಿಂದರಿಸಬ್ಯಾಡ, ಅಂದ್ಲು. ನನ್ನ ಕಡಿಂದ ಎರಡ ಸಲ ಹೇಳಿಸಿದ್ಲು, ತಪ್ಪ ಆಗಬಾರದಂತ.” ಕಮಲಾಬಾಯಿ ನನ್ನ ಕಡೆ ನೋಡಿದರು. “ಇದೆಲ್ಲಾ ಆಕಿಗಿ ನೀವ ಕಲಿಸಿದ್ರೇನು ಸಿಸ್ಟರ್?”

“ಇಲ್ಲ ತಂಗಿ” ಎಂದೆ. ನಾನು ಕಲಿಸಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಪಕ್ಕದ ಮಂಚಗಳನ್ನು ನೋಡಿ ತಿಳಿದುಕೊಂಡಿರಬೇಕು.

“ಆಕಿ ಹೇಳ್ದಂಗೇ ಆಯ್ತರಿ, ಒಂದೂ ತಪ್ಪಲಿಲ್ಲ. ನಾ ಚೀರ್ಲಿಲ್ಲ. ಮಾತಾಡು ಅಂದಿದ್ಲಲ್ಲ, ಏನ್ ಮಾತಾಡಬೇಕಂತ ತಿಳೀಲಿಲ್ಲ. ಮನ್ಯಾಗಿನ ಸಾಮಾನ ಒಂದೊಂದ ಹೆಸರ ಹೇಳಕೋತ ಕುಂತೆ. ಇದು ಹಂಚು, ಇದು ಕೊಡ, ಇದು ನಿನ್ನ ಸಾಲಿ ಚೀಲ, ಇದು ಅಣ್ಣನ ಟೋಪಿ ಅಂತ. ಉಸರ ನಿಂತಿತ್ತು. ಮತ್ತ ಬರ್ತದ ಅಂದಿದ್ಲಲ್ಲ, ಅದಕ್ಕ ನಾ ಹೇಳ್ತಾನೇ ಇದ್ದೆ. ಸಾಮಾನೆಲ್ಲಾ ಮುಗಿದ ಮ್ಯಾಲ ಮತ್ತ ಹಂಚಿನಿಂದ ಸುರು ಮಾಡ್ದೆ.”